ಅತ್ತೆ ಆಚೆ ಕೂರಬೇಕಿತ್ತು

ಅಮೃತಹಳ್ಳಿಯಲ್ಲಿ ನಾರಾಯಣಮ್ಮನ ಮನೆ ಅಂದರೆ ಹಳೇ ಊರಿನವರಿಗೆಲ್ಲ ಗೊತ್ತು. ಕೆಳಗೆ ಅವರಿದ್ದಾರೆ, ಮೇಲೆ ಬಾಡಿಗೆಗೆ ನಾವು. ಜ್ಯೋತಿಲಕ್ಷ್ಮಿ ಅವರ ಸೊಸೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದವರು ಹರಟೆ ಹೊಡೆದು, ಹೊಟ್ಟೆ ಹಿಡಿದುಕೊಂಡು ನಕ್ಕು ಹೋಗುತ್ತಿದ್ದರು. ಈಗ ಅವಳನ್ನು ನೋಡಿದರೆ ಇವಳೇ ಅವಳು ಅಂತ ಯಾರೂ ನಂಬುವುದಿಲ್ಲ. ಹಾಗೆ ಮಾಡಿದವರು ಯಾರು ಅಂತ ಹೇಳುತ್ತೇನೆ, ನನಗೇನು ಭಯ? ಬಾಡಿಗೆ ಮನೆ ಇನ್ನೊಂದು ಸಿಗುತ್ತದೆ.

ಅವಳಿಗೆ ತಾಯಿ ಇಲ್ಲ. ಹಾಗಾಗಿ ಬಾಣಂತನ ಅತ್ತೆ ಮನೆಯಲ್ಲೇ ಆಯಿತು. ಸುಳ್ಳು ಯಾಕೆ ಹೇಳಲಿ, ನಾರಾಯಣಮ್ಮ ಚೆನ್ನಾಗಿಯೇ ಮಾಡಿದರು. ಎಣ್ಣೆ ತಿಕ್ಕಿ ಸುಡುಸುಡು ನೀರು ಹುಯ್ದರು, ಸಾಂಬ್ರಾಣಿ ಹಾಕಿದರು, ಮೆಣಸಿನ ಸಾರು ಮಾಡಿಟ್ಟರು. ಮಗುವಿನ ದಿಂಬಿನ ಕೆಳಗೆ ಒಂದು ಕಬ್ಬಿಣದ ಕತ್ತಿಯನ್ನೂ ಇಟ್ಟರು. ಎಳೇ ಕೂಸಿಗೆ ಗಾಳಿ ಸೋಕಬಾರದಂತೆ. ಜ್ಯೋತಿಯ ಗಂಡ ನರೇಂದ್ರ ಹುಟ್ಟಿದಾಗ ಅವನ ದಿಂಬಿನ ಕೆಳಗೆ ಇದ್ದದ್ದೂ ಅದೇ ಕತ್ತಿ.

ಜ್ಯೋತಿ ಮೊದಮೊದಲು ಸುಮ್ಮನಿದ್ದಳು. ಆಮೇಲೆ ಊಟ ಬಿಟ್ಟಳು. ಮಗುವಿಗೆ ಹಾಲು ಕುಡಿಸುತ್ತಾ ಅಳುತ್ತಿದ್ದಳು. ಒಂದು ದಿನ ನನ್ನ ಕೈ ಹಿಡಿದುಕೊಂಡು, "ಕುಬ್ರಕ್ಕಾ, ಆ ಕತ್ತಿ ತೆಗ್ಸಿ ಅಂತ ನಮ್ಮತ್ತೆಗೆ ಹೇಳ್ರೀ" ಅಂದಳು. ಯಾಕೆ ಅಂತ ಕೇಳಿದರೆ ಬಾಯಿ ಬಿಡಲಿಲ್ಲ. ನಾನು ಹೋಗಿ ಹೇಳಿದೆ.

"ಬಾಣಂತಿ ಬಾಯಿಗೆ ಬಂದಂಗೆ ಆಡ್ತಾಳೆ, ನೀನೂ ಕೇಳ್ಕಂಡು ಬತ್ತೀಯಲ್ಲ. ನಮ್ಮತ್ತೆ ಇಟ್ರು, ನಾನೂ ಇಟ್ಟಿವ್ನಿ. ಇಂಗೇ ನಡ್ಕಂಡು ಬಂದೈತೆ" ಅಂದರು ನಾರಾಯಣಮ್ಮ.

ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಡಾಕ್ಟರ್ ಇವಳ ಮುಖ ನೋಡಿ, ಸಹಕಾರನಗರದ ಒಬ್ಬ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ ಅಂದರಂತೆ. ಮಾತಾಡಿದರೆ ಮನಸ್ಸು ಹಗುರ ಆಗುತ್ತದೆ ಅಂದರಂತೆ. ನರೇಂದ್ರ ಒಪ್ಪಿದ. ಪುಣ್ಯಾತ್ಮ ಕಾರು ತೆಗೆದ, ಕರೆದುಕೊಂಡೂ ಹೋದ. ಹೋದವನು ಕಾರಿನಲ್ಲೇ ಕೂತು ತನ್ನ ಟೈರ್ ಅಂಗಡಿಗೆ ಫೋನ್ ಮಾಡುತ್ತಿದ್ದ. ಬಾಣಂತಿ ಒಬ್ಬಳೇ ಎಲ್ಲಿಗೂ ಹೋಗಬಾರದಲ್ಲ, ಮಗುವನ್ನು ಎತ್ತಿಕೊಂಡು ನಾರಾಯಣಮ್ಮ ಒಳಗೆ ಹೋದರು.

ನಮ್ಮ ಕಡೆ ಹಾಗೇ ತಾನೆ? ಒಬ್ಬರಿಗೆ ಜ್ವರ ಬಂದರೆ ಡಾಕ್ಟರ ರೂಮಿಗೆ ಮನೆಮಂದಿಯೆಲ್ಲ ನುಗ್ಗುತ್ತೇವೆ. ಎಲ್ಲಿ ನೋವು ಅಂತ ಕೇಳಿದರೆ ರೋಗಿಗಿಂತ ಮೊದಲು ನಾವೇ ಉತ್ತರ ಕೊಡುತ್ತೇವೆ. ಜ್ವರಕ್ಕೆ ಅದು ನಡೆಯುತ್ತದೆ. ಮನಸ್ಸು ಬಿಚ್ಚುವ ರೂಮಿಗೆ ಒಬ್ಬರೇ ಹೋಗಬೇಕು, ಜೊತೆಗೆ ಬಂದವರು ದೇವರೇ ಆಗಿರಲಿ, ಆಚೆ ಕೂತಿರಲಿ ಅಂತ ಹೇಳುವ ಹಕ್ಕು ತನಗಿದೆ ಅನ್ನುವುದು ಜ್ಯೋತಿಗೆ ಗೊತ್ತಿರಲಿಲ್ಲ. ಅಲ್ಲಿದ್ದ ಕೌನ್ಸೆಲರ್ ಹುಡುಗಿಗೆ ಗೊತ್ತಿತ್ತು. ಗೊತ್ತಿದ್ದೂ ಏನು ಕೇಳಿದಳು ಗೊತ್ತಾ? ಅತ್ತೆಯ ಎದುರಿಗೇ, "ಅಮ್ಮ ಒಳಗಿರಬಹುದಾ? ನಿಮಗೆ ಓಕೆನಾ?" ಅಂದಳಂತೆ. ಅಯ್ಯೋ, ಯಾವ ಸೊಸೆ ತಾನೆ ಬೇಡ ಅಂತಾಳೆ! ಓದಿದ್ದು ಯಾವ ಕರ್ಮಕ್ಕೆ? ಜ್ಯೋತಿ ಹೂಂ ಅಂದಳು.

ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ ಅಂತಲೂ ಆ ಹುಡುಗಿ ಹೇಳಿದಳು. ಆ ಮಾತು ಪಕ್ಕದ ಕುರ್ಚಿಯಲ್ಲಿ ಕೂತವರಿಗೂ ಸೇರಿಯೇ ಅಂದುಕೊಂಡಳು ಜ್ಯೋತಿ, ಪಾಪ. ಅತ್ತುಕೊಂಡು ಎಲ್ಲ ಹೇಳಿಬಿಟ್ಟಳು. ಆ ಕತ್ತಿ ನೋಡಿದಾಗಲೆಲ್ಲ ತಾನೇ ಮಗುವಿಗೆ ಏನಾದರೂ ಮಾಡಿಬಿಟ್ಟರೆ ಅನ್ನುವ ಯೋಚನೆ ಬರುತ್ತದೆ, ಬೇಡ ಬೇಡ ಅಂದರೂ ಬರುತ್ತದೆ, ಅದಕ್ಕೇ ಕತ್ತಿ ತೆಗೆಸಿ ಅಂತ ಬೇಡಿಕೊಂಡೆ ಅಂದಳು.

ಹುಡುಗಿ ಹೆದರಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯದು. ಹೆರಿಗೆಯಾದ ಎಷ್ಟೋ ತಾಯಂದಿರಿಗೆ ಇಂಥ ಭಯ ಬರುತ್ತದೆ, ಯೋಚನೆ ಬಂದ ಮಾತ್ರಕ್ಕೆ ಯಾರೂ ಮಾಡುವುದಿಲ್ಲ, ಡಾಕ್ಟರಿಗೂ ತೋರಿಸೋಣ, ಕತ್ತಿ ತೆಗೆದಿಡಿ, ಮಗು ತಾಯಿಯ ಹತ್ತಿರವೇ ಇರಲಿ ಅಂದಳು. ಇದನ್ನೆಲ್ಲ ನನಗೆ ಹೇಳುವಾಗ ಜ್ಯೋತಿಯ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವಿತ್ತು. ಸಂಜೆ ಕೂತು ಅನ್ನ ಉಂಡಳು.

ಮಾರನೇ ದಿನ ಬೆಳಿಗ್ಗೆ ಚಿಕ್ಕಬಾಣಾವರದಿಂದ ನರೇಂದ್ರನ ಅಕ್ಕ ಆಟೋದಲ್ಲಿ ಬಂದು ಮಗುವನ್ನು ಎತ್ತಿಕೊಂಡು ಹೋದಳು.

ಜ್ಯೋತಿ ಗೇಟಿನ ತನಕ ಓಡಿದಳು. ನರೇಂದ್ರ ಹಿಡಿದುಕೊಂಡ. ಹಾಲು ಕಟ್ಟಿ ಎದೆ ಕಲ್ಲಾಗಿ, ಜ್ವರ ಬಂದು ನರಳಿದಳು. ಹಾಲು ಬತ್ತಲಿ ಅಂತ ನಾರಾಯಣಮ್ಮ ಮಲ್ಲಿಗೆ ಹೂ ತರಿಸಿ ಎದೆಗೆ ಕಟ್ಟಿದರು. ಮದುವೆ ಹೆಣ್ಣಿನ ಹಾಗೆ ಮೈಯೆಲ್ಲ ಘಮಘಮ ಅನ್ನುತ್ತಾ ಬಿದ್ದಿದ್ದಳು.

"ಮಗು ತಾಯಿ ಹತ್ರಾನೇ ಇರ್ಲಿ ಅಂದ್ರಲ್ಲ ಆ ಮೇಡಂ, ನೀವೂ ಅಲ್ಲೇ ಕೂತಿದ್ರಲ್ವಾ?" ಅಂತ ಜಗಳಕ್ಕೇ ನಿಂತೆ.

"ಮಗೀಗೆ ಏನಾರ ಆದ್ರೆ ಆ ಮೇಡಮ್ಮು ತಂದ್ಕೊಡ್ತಾಳಾ? ಅವಳೇ ಬಾಯ್ಬಿಟ್ಟು ಹೇಳವ್ಳೆ ಕಣಮ್ಮ, ನಾನು ಕಿವಿಯಾರ ಕೇಳಿವ್ನಿ. ನಮ್ಮನೆ ಇಚಾರ, ನೀನು ಮೇಲಕ್ಕೋಗು" ಅಂದರು.

ಆ ಕೌನ್ಸೆಲರ್ ಕ್ಲಿನಿಕ್ಕಿನವರು ಫೋನ್ ಮಾಡಿದ್ದರು. ಅಲ್ಲಿ ಕೊಟ್ಟಿದ್ದು ನರೇಂದ್ರನ ನಂಬರು. "ಈಗ ಪರವಾಗಿಲ್ಲ ಮೇಡಂ, ಬೇಕಾದ್ರೆ ನಾವೇ ಕರೀತೀವಿ" ಅಂದು ಇಟ್ಟುಬಿಟ್ಟ. ನೀನೇ ಇನ್ನೊಂದು ಸಲ ಹೋಗೇ, ನಾನು ಆಚೆ ಕೂತಿರ್ತೀನಿ ಅಂತ ಜ್ಯೋತಿಗೆ ಎಷ್ಟು ಹೇಳಿದೆ! "ಬೇಡ ಅಕ್ಕಾ, ಬಾಯಿ ಬಿಟ್ಟಿದ್ದಕ್ಕೇ ಮಗು ಹೋಯ್ತು" ಅಂದಳು.

ಮಗುವಿನ ಮೊದಲ ಹುಟ್ಟುಹಬ್ಬ ಚಿಕ್ಕಬಾಣಾವರದಲ್ಲಿ ಆಯಿತು. ಜ್ಯೋತಿ ಹಟ ಹಿಡಿದು ನನ್ನನ್ನೂ ಕರೆದುಕೊಂಡು ಹೋದಳು. ಒಂದು ಫ್ರಾಕು ಹೊಲಿದಿದ್ದಳು. ಅವಳು ಕೈ ಚಾಚಿದರೆ ಮಗು ಹೆದರಿ ಅತ್ತು ಸೋದರತ್ತೆಯ ಕತ್ತು ತಬ್ಬಿಕೊಂಡಿತು. ಅಷ್ಟರಲ್ಲಿ ಕೇಕಿನ ಡಬ್ಬಿ ಬಿಚ್ಚಿದರು. ಜೊತೆಗೆ ಬೇಕರಿಯವರು ಕೊಡುವ ಪ್ಲಾಸ್ಟಿಕ್ ಚಾಕು ಇತ್ತು.

"ತಡೀರಿ, ಮೊದ್ಲು ಅವಳನ್ನ ಆಚೆ ಕೂರ್ಸಿ" ಅಂದರು ನಾರಾಯಣಮ್ಮ.

ಬಂದ ನೆಂಟರೆಲ್ಲ ತಿರುಗಿ ನೋಡಿದರು. ನರೇಂದ್ರ ತಲೆ ಎತ್ತಲಿಲ್ಲ. ಜ್ಯೋತಿ ತಾನೇ ಎದ್ದು ಹೋಗಿ ಬಾಗಿಲಾಚೆ ಚಪ್ಪಲಿಗಳ ನಡುವೆ ಕೂತಳು. ಒಳಗೆ ಚಪ್ಪಾಳೆ ತಟ್ಟಿದಾಗ ಅವಳೂ ಅಲ್ಲಿಂದಲೇ ತಟ್ಟಿದಳು. ನಾನು ಆಚೆ ಹೋಗಿ, ಎದ್ದೇಳೇ ಮನೆಗೆ ಹೋಗೋಣ ಅಂದೆ.

"ಕುಬ್ರಕ್ಕಾ, ನಾನು ಒಳಗೆ ಬರ್ಬಹುದಾ ಅಂತ ಅತ್ತೇನ ಒಂದ್ಸಲ ಕೇಳ್ತೀರಾ?"

ಒಳಗೆ ಹೋಗಿ ಕೇಳಿದೆ. ನಾರಾಯಣಮ್ಮ ಬಾಯಲ್ಲಿದ್ದ ಕೇಕು ನುಂಗಿ, "ಆ ಚಾಕು ತೊಳ್ದು ಎತ್ತಿಡ್ತಾವ್ರೆ, ಆಮೇಲ್ ಬರ್ಲಿ" ಅಂದರು.