ಮುಳ್ಳು ಇಳಿಸದ ಕಛೇರಿ

ಒಟಾರು ಬಂದರಿನ ಮೇಲಣ ಬೀದಿಯಲ್ಲಿ ಮಿಸಾವೊಳ ಕಾಫಿ ಅಂಗಡಿ ಇತ್ತು. ಅಲ್ಲಿ ಗ್ರಾಮಫೋನ್ ಹಾಡುವಾಗ ಯಾರೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಅದು ಅವಳ ಗಂಡ ಶುಂಗೋ ಮಾಡಿದ ಕಟ್ಟಳೆ. ಬಂದವರೆಲ್ಲ ಒಂದೇ ಕಡೆ ಮುಖ ಮಾಡಿ, ದೇವರ ಮುಂದೆ ಕೂತ ಹಾಗೆ ಗ್ರಾಮಫೋನಿನ ಕಹಳೆಯ ಮುಂದೆ ಕೂರುತ್ತಿದ್ದರು.

ಮಿಸಾವೊ ಮೀನುಬಲೆ ಹೆಣೆಯುವವರ ಮಗಳು. ಅಲೆಯ ಸದ್ದಿನ ಮೇಲೆ ಕೂಗಿ ಮಾತನಾಡಿ ಬೆಳೆದವಳು. ಅವಳು ನಡೆದರೆ ನೆಲ ದಡದಡ ಎನ್ನುತ್ತಿತ್ತು, ಬಟ್ಟಲು ಇಟ್ಟರೆ ಟಣ್ ಎನ್ನುತ್ತಿತ್ತು. ಹೀಗಾಗಿ ವಿಟ್ಕೊ ಎಂಬ ಪಿಯಾನೋದವನ ಗ್ರಾಮಫೋನ್ ತಟ್ಟೆ ಹೊರಗೆ ಬಂದಾಗಲೆಲ್ಲ ಶುಂಗೋ ಅವಳ ಕಡೆ ನೋಡಿ ಗಲ್ಲದಿಂದಲೇ ಹಿತ್ತಲ ಬಾಗಿಲು ತೋರಿಸುತ್ತಿದ್ದ. ಅವಳು ಎದ್ದು ಹೋಗಿ ಹಿಮ ಬಾಚುತ್ತಿದ್ದಳು. ಒಳಗೆ ಬಂದಾಗ ಗಂಡಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಮದುವೆಯ ಬದುಕೆಲ್ಲ ಹೀಗೇ ಕಳೆಯಿತು. ಆ ತಟ್ಟೆಯಲ್ಲಿ ಏನಿದೆ ಎಂದು ಅವಳು ಕೇಳಿದವಳೇ ಅಲ್ಲ.

ಅದು ವಿದ್ಯುತ್ತಿನ ಮೈಕು ಬರುವ ಮುಂಚಿನ ತಟ್ಟೆ. ಪಿಯಾನೋದ ಬಾಯಿಗೆ ಕಹಳೆ ಹಿಡಿದು, ಆ ಸದ್ದಿನ ಬಲದಿಂದಲೇ ಮೇಣದ ಮೇಲೆ ಗೆರೆ ಕೊರೆದದ್ದು. ವಿಟ್ಕೊ ಕಹಳೆಗೆ ಕೇಳಿಸಲೆಂದು ಮೈಯೆಲ್ಲ ಬಳಸಿ ಬಾರಿಸಿದ್ದನಂತೆ. ಆದರೂ ಕೆಳಗಿನ ಸ್ವರಗಳು ಅರ್ಧ ದಾರಿಯಲ್ಲೇ ಉಳಿದಿದ್ದವು.

"ಆ ಗರಗರ ಇದ್ಯಲ್ಲ, ಅದು ಮಂಜು," ಎನ್ನುತ್ತಿದ್ದರು ಹಲ್ಲಿನ ಡಾಕ್ಟರು ಉಬುಕಾತಾ. "ಮಂಜಿನಾಚೆ ಒಬ್ಬ ಮನುಷ್ಯ ನಿಂತಿದ್ದಾನೆ. ಕಿವಿ ಅವನ ಕಡೆ ಹೋಗ್ಬೇಕು."

"ದಿನವಿಡೀ ಹಲ್ಲು ಕೊರೆಯೋರಿಗೆ ಗರಗರ ಎಲ್ಲಾ ಮಂಜೇ ಬಿಡಿ," ಎನ್ನುತ್ತಿದ್ದ ನಗುಮೊ. ಹಡಗಿನ ಗುಮಾಸ್ತೆಯಾಗಿದ್ದು ನಿವೃತ್ತನಾದವನು. ಮೂರನೆಯವನು ಸೆಕಿನೆ, ಸ್ನಾನದ ಮನೆ ನಡೆಸುವವನು. ಅವನು ಬಂದು ಕೂತವನೇ ನಿದ್ದೆ ಹೋಗುತ್ತಿದ್ದ.

ಶುಂಗೋ ತೀರಿಕೊಂಡ ವರ್ಷ ಡಾಕ್ಟರು ಭೂತಗನ್ನಡಿ ಹಿಡಿದು ತಟ್ಟೆಯನ್ನು ರೋಗಿಯ ಬಾಯಿಯಂತೆ ಪರೀಕ್ಷಿಸಿದರು.

"ಗೆರೆ ಸವೆದಿದೆ. ಹಾಕ್ತಾ ಹೋದ್ರೆ ವಿಟ್ಕೊ ಹೊರಟೇ ಹೋಗ್ತಾನೆ."

"ಅವನು ಸತ್ತೇ ಎಷ್ಟು ಕಾಲ ಆಯ್ತಲ್ರೀ," ಎಂದ ನಗುಮೊ.

"ಇನ್ನೊಂದ್ಸಲ ಸಾಯ್ತಾನೆ ಅಂತ ಹೇಳ್ತಿರೋದು!"

ತಟ್ಟೆಯನ್ನು ಉಳಿಸಿಕೊಳ್ಳಲು ಮೂವರೂ ಸೇರಿ ತೀರ್ಮಾನಿಸಿದರು. ಕೀಲಿ ಕೊಡುವುದು, ತಟ್ಟೆ ತಿರುಗಿಸುವುದು, ಗೆರೆಯ ಮೇಲೆ ಮುಳ್ಳು ಮಾತ್ರ ಇಳಿಸುವುದು ಬೇಡ. ಎಲ್ಲರಿಗೂ ಬಾಯಿಪಾಠವಿದೆ, ತಲೆಯೊಳಗೇ ಕೇಳೋಣ.

ಇದೊಂದೂ ತಿಳಿಯದ ಮಿಸಾವೊ ಅಂದು ಸೊಂಟಕ್ಕೆ ಕಟ್ಟಿದ್ದ ಮುಂಬಟ್ಟೆ ಬಿಚ್ಚಿಟ್ಟು ಬಂದಳು. "ಇವತ್ತು ನಾನೂ ಕೂರ್ತೀನಿ. ನಮ್ಮನೆಯವ್ರು ಏನನ್ನ ಕೇಳ್ತಿದ್ರೋ ನಾನೂ ಕೇಳ್ಬೇಕು," ಎಂದು ಗಂಡನ ಕುರ್ಚಿಯಲ್ಲಿ ಕೂತಳು. ತಟ್ಟೆ ತಿರುಗಿತು. ಒಲೆಯ ಕಲ್ಲಿದ್ದಲು ಚಟ್ ಎಂದಿತು. ದೂರದಲ್ಲೊಂದು ಹಡಗು ಕೂಗಿತು. ಗಂಡಸರು ಕಣ್ಣೊರೆಸಿಕೊಂಡರು.

"ನನ್ನ ಕಿವಿ ಹೋಯ್ತೇನೋ! ಏನೂ ಕೇಳಿಸ್ಲೇ ಇಲ್ಲ!"

"ಹೇಗೆ ಕೇಳ್ಸತ್ತೆ ಮಿಸಾವೊ-ಸಾನ್? ಮುಳ್ಳು ಇಳಿಸಿಲ್ವಲ್ಲ," ಎಂದರು ಡಾಕ್ಟರು.

"ಮತ್ತೆ ನೀವು ಅತ್ತಿದ್ದು?"

"ನಮಗೆ ಜ್ಞಾಪಕ ಇದೆ."

"ನನಗಿಲ್ವಲ್ಲ!"

ಮುಳ್ಳು ಇಳಿಸಿ ಎಂದು ಅವಳು ಮತ್ತೆ ಮತ್ತೆ ಕೇಳಿಕೊಂಡಳು. "ತಟ್ಟೆ ನಿಮ್ಮದೇ ತಾಯಿ, ನಾವು ಬೇಡ ಅನ್ನೋರಾ? ಆದ್ರೆ ಉಳೀಬೇಕೋ ಬೇಡ್ವೋ?" ಎಂದು ಡಾಕ್ಟರು ಮೆತ್ತಗೆ ಹೇಳುವರು. ಗ್ರಾಮಫೋನಿಗೆ ಹಾಕುವ ಬಿದಿರಿನ ಮುಳ್ಳಿನ ತುದಿ ಕತ್ತರಿಸುವ ಕತ್ತರಿಯನ್ನೂ ಜೋಪಾನಕ್ಕೆಂದು ಮನೆಗೆ ಒಯ್ದಿದ್ದರು. ಕಬ್ಬಿಣದ ಮುಳ್ಳು ಹಾಕಿದರೆ ಗೆರೆಯೇ ಕಿತ್ತುಬರುತ್ತದೆ ಎಂದು ಶುಂಗೋ ಹೆದರಿಸಿಟ್ಟಿದ್ದ. ಅವನು ಅಷ್ಟು ಪ್ರೀತಿಸಿದ್ದನ್ನು ತನ್ನ ಒರಟು ಕೈ ಹಾಳು ಮಾಡಿದರೆ ಏನು ಗತಿ ಎಂದು ಅವಳು ಗ್ರಾಮಫೋನಿನ ಹತ್ತಿರ ಹೋಗುತ್ತಿರಲಿಲ್ಲ. ಭಾನುವಾರ ಭಾನುವಾರ ಮೂವರೂ ಸೇರಿದಾಗ ಬಂದು, ತಿರುಗುವ ತಟ್ಟೆ ನೋಡಿ ಎದ್ದು ಹೋಗುತ್ತಿದ್ದಳು.

ಚಳಿಗಾಲದಲ್ಲಿ ಜಗಳ ಹತ್ತಿತು. ತಟ್ಟೆ ತಿರುಗುತ್ತಿತ್ತು, ಎಲ್ಲರೂ ಕಣ್ಣು ಮುಚ್ಚಿದ್ದರು. ನಗುಮೊ ಮೆಲ್ಲಗೆ ಚಪ್ಪಾಳೆ ತಟ್ಟಿದ.

"ಏನ್ರೀ ಇದು? ಇನ್ನೂ ನಡುಭಾಗ ನಡೀತಿದೆ!" ಎಂದು ಡಾಕ್ಟರು ಹಾರಿಬಿದ್ದರು.

"ನನ್ನ ವಿಟ್ಕೊ ಎದ್ದು ನಮಸ್ಕಾರ ಮಾಡಿ ಆಯ್ತು. ನಿಮ್ಮೋನು ಅರಿವಳಿಕೆ ಚುಚ್ಚಿಸ್ಕೊಂಡು ಬಾರಿಸ್ತಾನಾ?"

"ನಿಮ್ಮೋನಿಗೆ ಹಡಗು ತಪ್ಪತ್ತಾ? ಯಾಕೆ ಆ ಅವಸರ?"

ಇಬ್ಬರೂ ಕೋಟು ತೊಟ್ಟು ಇನ್ನು ಈ ಅಂಗಡಿಗೆ ಕಾಲಿಡುವುದಿಲ್ಲ ಎಂದರು. ಗದ್ದಲಕ್ಕೆ ಸೆಕಿನೆ ಎಚ್ಚೆತ್ತ.

"ತಟ್ಟೆ ಹಾಕಿ ನೋಡಿದ್ರಾಯ್ತಪ್ಪ."

"ಹಾಕ್ಬಾರ್ದು ಅಂತ ತಾನೇ ತೀರ್ಮಾನ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಅದೊಂದರಲ್ಲಿ ಜಗಳವಿರಲಿಲ್ಲ.

"ನೀವು ಕೇಳಿದ್ರೆ ಅದು ದುಂದು. ಕೇಳದೇ ಇರೋರು ಕೇಳಿದ್ರೆ ಅದು ಸಾಕ್ಷಿ," ಎಂದ ಸೆಕಿನೆ, ಆಕಳಿಸುತ್ತ.

ಮೂವರೂ ಮಿಸಾವೊಳ ಕಡೆ ತಿರುಗಿದರು. 

ಮುಂದಿನ ಭಾನುವಾರ ಡಾಕ್ಟರು ಬಿದಿರಿನ ಮುಳ್ಳುಗಳನ್ನು ಕತ್ತರಿಸಿ, ಇಳಿಸುವ ಬಗೆ ಕಲಿಸಿ, ಉಳಿದಿಬ್ಬರ ಜೊತೆ ಹೊರಗೆ ಹೊರಟರು. ವಾದಿ ಪ್ರತಿವಾದಿಗಳ ಕಿವಿಗೆ ಏನೂ ಬೀಳಬಾರದೆಂದು ಮೂವರೂ ಹತ್ತಿ ತುರುಕಿಕೊಂಡಿದ್ದರು.

"ಈ ತಿರುಪು ಎಲ್ಲಿಡ್ಲಿ?" ಎಂದು ಮಿಸಾವೊ ವೇಗದ ತಿರುಪು ಮುಟ್ಟಿ ಕೂಗಿದಳು. ಆ ಕಾಲದ ತಟ್ಟೆಗಳಿಗೆಲ್ಲ ಒಂದೇ ವೇಗವೆಂಬುದಿರಲಿಲ್ಲ. ಶುಂಗೋ ಕಿವಿಯಿಂದಲೇ ಗೊತ್ತುಮಾಡಿ ಇಡುತ್ತಿದ್ದ. ಮುಳ್ಳಿಲ್ಲದೆ ತಿರುಗಿಸುವವರಿಗೆ ತಿರುಪಿನ ನೆನಪೇ ಬಂದಿರಲಿಲ್ಲ. ಹತ್ತಿ ಹಾಕಿಕೊಂಡವರು ತಲೆಯಾಡಿಸಿ ಬಾಗಿಲೆಳೆದುಕೊಂಡರು.

ಅವಳು ತಿರುಪನ್ನು ಮುಂದಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು ಮುಳ್ಳು ಇಳಿಸಿದಳು. ಮೊದಲು ಎಣ್ಣೆಯಲ್ಲಿ ಮೀನು ಕರಿದ ಸದ್ದು. ಅದರೊಳಗಿಂದ, ನಾಲ್ಕು ಮನೆಯಾಚೆ ಯಾರೋ ಬಾರಿಸಿದಂತೆ, ಪಿಯಾನೋ. ಒಬ್ಬ ಹುಡುಗ ಮೆಟ್ಟಿಲಿಳಿದು ಓಡಿದ ಹಾಗಿತ್ತು. ಮುಗಿಯಿತು. ಮುಳ್ಳು ಬದಲಿಸಿ, ತಿರುಪನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಿದಳು. ಅದೇ ಹುಡುಗ ಈಗ ಮುದುಕನಾಗಿದ್ದ. ಒಂದೊಂದು ಮೆಟ್ಟಿಲಿಗೂ ನಿಂತು ಸುಧಾರಿಸಿಕೊಂಡು ಇಳಿದ. ಇಬ್ಬರಲ್ಲಿ ಗಂಡ ಯಾರ ಜೊತೆ ಕೂರುತ್ತಿದ್ದ ಎಂದು ಅವಳಿಗೆ ಗೊತ್ತಾಗಲಿಲ್ಲ.

ಕಿಟಕಿಯಿಂದ ಇಣುಕುತ್ತಿದ್ದ ಡಾಕ್ಟರು ಎರಡನೆಯ ಸಲ ಮುಳ್ಳು ಇಳಿದದ್ದು ಕಂಡು ಬಾಗಿಲು ಗುದ್ದುತ್ತಿದ್ದರು. ತಟ್ಟೆ ಮುಗಿದ ಮೇಲೆಯೇ ಮಿಸಾವೊ ಬಾಗಿಲು ತೆಗೆದಳು. ಮೂವರ ಟೋಪಿಯ ಮೇಲೂ ಹಿಮ ಕೂತಿತ್ತು. ಅವಳೇ ಒಬ್ಬೊಬ್ಬರ ಕಿವಿಯಿಂದ ಹತ್ತಿ ಎಳೆದಳು.

"ಯಾರದು ಸರಿ?" ಎಂದ ನಗುಮೊ.

"ತಿರುಪು ಮುಂದಿಟ್ರೆ ನಿಮ್ದು, ಹಿಂದಿಟ್ರೆ ಡಾಕ್ಟ್ರದ್ದು. ಅದಲ್ಲ ನನಗೆ ಬೇಕಾದ್ದು. ನಮ್ಮನೆಯವ್ರು ಎಲ್ಲಿಡ್ತಿದ್ರು?"

ನಗುಮೊ ಟೋಪಿಯ ಹಿಮ ಕೊಡವಿದ.

"ಕೇಳಿದ್ರೆ ಗೊತ್ತಾಗತ್ತೇನೋ," ಎಂದ ಸೆಕಿನೆ.

"ಸವೆಯತ್ತೆ," ಎಂದರು ಡಾಕ್ಟರು. ಹೇಳುತ್ತಲೇ ಬೂಟು ಬಿಚ್ಚುತ್ತಿದ್ದರು.

"ಸವೆಯಲಿ. ಒಳಗೆ ಬನ್ನಿ, ಬಾಗಿಲು ಹಾಕಿ," ಎಂದು ಮಿಸಾವೊ ಕೀಲಿ ಕೊಡಲು ಹೋದಳು. ಮುಳ್ಳು ಇಳಿಯಿತು. ನಗುಮೊ ತಿರುಪಿನ ಮೇಲೆ ಬಾಗಿದ.

"ಸ್ವಲ್ಪ ಹಿಂದಕ್ಕೆ," ಎಂದರು ಡಾಕ್ಟರು.

"ಅಷ್ಟಲ್ಲ, ಮುಂದೆ, ಮುಂದೆ..." ಎಂದ ಸೆಕಿನೆ.

"ಹಾಂ, ಇದೇ, ತಡೀರಿ!" ಎಂದು ಮೂವರೂ ಒಂದೇ ಉಸಿರಿಗೆ ಕೈಯೆತ್ತಿದರು. ಮಿಸಾವೊ ದಡದಡ ನಡೆದು ಹೋಗಿ ಗಂಡನ ಕುರ್ಚಿಯಲ್ಲಿ ಕೂತಳು.