ಒದ್ದೆ ಜಡೆಯ ಮೇಡಂ

ಮೇಡಂ ಬೋರ್ಡಿನ ಕಡೆ ತಿರುಗಿದರೆ ನಮಗೆ ಮೊದಲು ಕಾಣುತ್ತಿದ್ದದ್ದು ಅವರ ರವಿಕೆಯ ಒದ್ದೆ ಬೆನ್ನು. ದಪ್ಪ ಜಡೆ, ಉದ್ದಕ್ಕೂ ಹಸಿ. ದಿನಾ ತಲೆಗೆ ನೀರು ಹಾಕದೆ ಅಡಿಗೆಮನೆಗೆ ಕಾಲಿಡಬಾರದು ಎಂಬುದು ಅವರ ಅತ್ತೆಯ ಮಡಿ. ಕತ್ತಲಿರುವಾಗಲೇ ಮಿಂದು, ಹಸಿ ಕೂದಲನ್ನು ಗಂಟು ಕಟ್ಟಿ, ಇಡೀ ಮನೆಗೆ ಬೇಯಿಸಿಟ್ಟು, ವರ್ತಕ ನಗರದಿಂದ ರಿಕ್ಷಾ ಹಿಡಿದು, ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಟ್ರೈನ್ ಹತ್ತಿ ನೆರೂಳಿನ ನಮ್ಮ ಕಾಲೇಜಿಗೆ ಬರುವವರು. ಒಣಗಿಸಲು ಪುರುಸೊತ್ತೆಲ್ಲಿ? ವರ್ಷವಿಡೀ ಶೀತ, ವರ್ಷವಿಡೀ ಕೆಮ್ಮು.

ನಮಗೆ ಅವರು ಕಲಿಸುತ್ತಿದ್ದದ್ದು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕವಿತೆ. ಕಲಿಸುವುದೇನು, ಆ ಕವಿಗಳನ್ನು ಕಟಕಟೆಯಲ್ಲಿ ನಿಲ್ಲಿಸಿ ವಿಚಾರಣೆ ಮಾಡುವುದು. ಕವಿತೆಯಲ್ಲಿ ಹೆಣ್ಣಿನ ಹೊಂಬಣ್ಣದ ಕೂದಲು ಬಂತೆಂದರೆ ಪುಸ್ತಕ ಮಡಚಿ ಕೇಳುತ್ತಿದ್ದರು: "ಇವಳು ಈ ಕೂದಲು ಯಾವಾಗ ಒಣಗಿಸಿದ್ದು? ಕವಿಗೆ ಗೊತ್ತುಂಟಾ?"

ಒಮ್ಮೆ ಹಿಂದಿನ ಬೆಂಚಿನವನೊಬ್ಬ, "ಮ್ಯಾಡಂ, ಔರತ್ ಕೆ ಬಾರೇ ಮೇ ಕಿತ್‌ನಾ ಅಚ್ಛಾ ಲಿಖಾ ಹೈ" ಎಂದ, ಹೆಣ್ಣಿನ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದಾನೆ ಎಂದು ಮೆಚ್ಚಿಕೊಂಡು.

"ಅಚ್ಛಾ ಲಿಖಾ ಹೈ. ಉಸ್‌ಸೇ ಪೂಛಾ ಥಾ ಕ್ಯಾ?"

ಅವಳನ್ನು ಒಂದು ಮಾತು ಕೇಳಿದ್ದನಾ? ಮೇಡಂ ಬಿಡಲಿಲ್ಲ. ಈ ಕವಿಗಳಿಗೆ ಹೆಣ್ಣು ಮನೆಯೊಳಗಿದ್ದರೆ ದೇವತೆ, ಹೊಸಿಲು ದಾಟಿದರೆ ಕೆಟ್ಟವಳು. ಮನುಷ್ಯಳಾಗಿ ಕೂರುವುದಕ್ಕೆ ಇಡೀ ಪಠ್ಯದಲ್ಲಿ ಒಂದು ಸ್ಟೂಲಾದರೂ ಇದೆಯಾ ಹುಡುಕಿ ಎಂದರು. "ಇವರಿಗೆ ಹೆಂಗಸು ಸತ್ತ ಮೇಲೇ ಚಂದ. ಸತ್ತವಳು ಎದುರು ಮಾತಾಡುವುದಿಲ್ಲ ನೋಡಿ." ಆಮೇಲೆ ಕೆಮ್ಮು ಬಂತು, ನೀರು ಕುಡಿದು ಮುಂದಿನ ಸಾಲು ಓದಿದರು.

ನನ್ನ ಕೊನೆಯ ವರ್ಷದಲ್ಲಿ ಮನೆಗೆ ಒಂದು ಸಂಬಂಧ ಬಂತು. ಅಪ್ಪ ರಬಾಳೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ಹುಡುಗನ ಕಡೆಯವರು ಸ್ವಂತ ಹೋಟೆಲಿನವರು. ಹುಡುಗನ ತಾಯಿ ನನ್ನ ಗಲ್ಲ ಹಿಡಿದು, "ಪರೀಕ್ಷೆ ಗಿರೀಕ್ಷೆ ಎಂತಕ್ಕೆ? ಕೆಲಸಕ್ಕಂತೂ ಕಳಿಸುವುದಿಲ್ಲ. ರಾಣಿ ಹಾಗೆ ಇಟ್ಟುಕೊಳ್ತೇವೆ" ಎಂದರು. ಅಪ್ಪನ ಕಣ್ಣಲ್ಲಿ ನೀರು. ಮದುವೆ ಪರೀಕ್ಷೆಗಿಂತ ಮೊದಲೇ ಎಂದಾಯಿತು. ನನಗೆ ಓದಬೇಕಿತ್ತು, ಮೇಡಂ ಹಾಗೆ ಕಲಿಸಬೇಕಿತ್ತು. ಮನೆಯಲ್ಲಿ ಹೇಳಿದರೆ ಕೇಳುವವರು ಯಾರು? ಸ್ಟಾಫ್ ರೂಮಿನಲ್ಲಿ ಮೇಡಂ ಎದುರು ಅತ್ತುಬಿಟ್ಟೆ.

ಆ ಸಂಜೆಯೇ ಅವರು ನಮ್ಮ ಮನೆಗೆ ಬಂದರು. ಅಮ್ಮ ಕೊಟ್ಟ ಚಹಾ ಮುಟ್ಟಲಿಲ್ಲ.

"ಒಳ್ಳೆ ಮನೆತನ ಮೇಡಂ," ಅಪ್ಪ ಹೇಳಿದರು. "ದೇವರ ಹಾಗೆ ನೋಡ್ಕೊಳ್ತಾರೆ."

"ದೇವರಿಗೆ ಪೂಜೆ ಮಾಡಿ ಭಟ್ರು ಬಾಗಿಲಿಗೆ ಬೀಗ ಹಾಕಿಯೇ ಮನೆಗೆ ಹೋಗುವುದಲ್ವಾ? ನನ್ನನ್ನೂ ಲಕ್ಷ್ಮಿ ಅಂತಲೇ ಆರತಿ ಎತ್ತಿ ಒಳಗೆ ಕರೆದದ್ದು. ಇದೇ ಕವಿತೆಗಳ ಮೇಲೆ ಪಿಎಚ್‌ಡಿ ಮಾಡ್ತಾ ಇದ್ದೆ. ಲಕ್ಷ್ಮಿಗೆ ಎಂತಕ್ಕೆ ಅದು ಅಂದ್ರು. ಅರ್ಧಕ್ಕೆ ನಿಂತಿತು. ಪರೀಕ್ಷೆ ಆಗುವವರೆಗೆ ಕಾಯ್ಲಿಕ್ಕೆ ಹೇಳಿ ನೋಡಿ. ಕಾಯದಿದ್ರೆ ಅವರಿಗೆ ಸೊಸೆ ಬೇಡ, ಬೊಂಬೆ ಬೇಕು."

ಅಪ್ಪ ಮುಖ ಕೆಂಪು ಮಾಡಿಕೊಂಡರೂ ಫೋನ್ ಮಾಡಿದರು. ಹುಡುಗನ ಕಡೆಯವರು ಕಾಯಲಿಲ್ಲ, ಸಂಬಂಧ ಮುರಿಯಿತು. ಅಪ್ಪ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ನಾನು ಪರೀಕ್ಷೆ ಬರೆದೆ.

ಮೇಡಂ ನಮ್ಮ ಮನೆಗೆ ಬಂದ ಸಂಜೆ ಅವರನ್ನು ಸ್ಟೇಷನ್‌ವರೆಗೆ ಬಿಡಲು ಹೋದಾಗ, ಇಷ್ಟು ಜೋರಿನವರು ನಿಮ್ಮ ಮನೆಯಲ್ಲಿ ಯಾಕೆ ಹೀಗೆ ಎಂದು ಕೇಳಿಯೇ ಬಿಟ್ಟಿದ್ದೆ. "ಅಲ್ಲಿ ನನ್ನ ಸ್ವರ ಏಳುವುದಿಲ್ಲ ಮಾರಾಯ್ತಿ. ನಿನ್ನದು ಏಳ್ಬೇಕು" ಎಂದು ಟ್ರೈನಿನ ಹೆಂಗಸರ ಡಬ್ಬಿ ಹತ್ತಿದರು. ನನಗೆ ಆ ಮನೆಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಇವತ್ತಿಗೂ ಇಳಿದಿಲ್ಲ.

ಕೆಲವು ವರ್ಷಗಳ ಮೇಲೆ ಮೇಡಂ ತೀರಿಕೊಂಡರು. ಅಲಕ್ಷ್ಯ ಮಾಡಿದ ಕೆಮ್ಮು ನ್ಯುಮೋನಿಯಾಕ್ಕೆ ತಿರುಗಿತ್ತಂತೆ. ನಾನಾಗ ಕಲ್ಯಾಣ್ ಊರಿನ ಕಾಲೇಜಿನಲ್ಲಿ ಅವರದೇ ಪಾಠ ಮಾಡುತ್ತಿದ್ದೆ, ಅವರ ಮನೆಗೆ ಓಡಿದೆ. ಹಜಾರದ ತುಂಬ ಬಂಧುಗಳು. "ಗಂಡ ಇರುವಾಗಲೇ ಹೋದ್ರು. ಮುತ್ತೈದೆ ಸಾವು, ಪುಣ್ಯವಂತೆ" ಎಂದು ಒಬ್ಬರು. "ಎಷ್ಟು ಚಂದ ಕಾಣ್ತಾರೆ, ಸಾಕ್ಷಾತ್ ಲಕ್ಷ್ಮಿ" ಎಂದು ಇನ್ನೊಬ್ಬರು. ಗಂಡ ಬಿಕ್ಕುತ್ತಾ ಬಂದವರಿಗೆಲ್ಲ ಹೇಳುತ್ತಿದ್ದರು: "ಒಂದು ದಿನವೂ ಎದುರು ಮಾತಾಡಿದವಳಲ್ಲ."

ಆಗಷ್ಟೇ ಮೀಯಿಸಿ ಹಸಿರು ಸೀರೆ ಉಡಿಸಿದ್ದರು. ಮಲ್ಲಿಗೆ ಮುಡಿಸಬೇಕು, ಒದ್ದೆ ಕೂದಲಿಗೆ ಹೂ ನಿಲ್ಲುತ್ತಿಲ್ಲ. ನಾಲ್ಕು ಹೆಂಗಸರು ಸುತ್ತ ಕೂತು, ಒಣ ಟವೆಲಿನಿಂದ ಎಳೆ ಎಳೆಯಾಗಿ ಒರೆಸುತ್ತಿದ್ದರು. ಯಾರೋ ಫ್ಯಾನ್ ಜೋರು ಮಾಡಿದರು. ಆ ಅತ್ತೆಯೇ ಕುರ್ಚಿಯಲ್ಲಿ ಕೂತು, "ಸರೀ ಒಣಗಲಿ, ಗಡಿಬಿಡಿ ಮಾಡಬೇಡಿ" ಎಂದರು.

ನನ್ನ ಮೈ ಉರಿಯಿತು. "ಈಗ ಒಣಗಿಸ್ತೀರಾ?" ಎಂದೆ. ಸ್ವರ ಎದ್ದೇ ಎದ್ದಿತು. "ಮೇಡಂ ಎದುರು ಮಾತಾಡ್ತಿದ್ರು. ನನ್ನ ಅಪ್ಪನ ಎದುರು ಮಾತಾಡಿದ್ದಕ್ಕೇ ನಾನಿವತ್ತು ಪಾಠ ಮಾಡ್ತಿದ್ದೇನೆ. ಇಲ್ಲಿ ಕೇಳುವವರು ಇರಲಿಲ್ಲ, ಅಷ್ಟೇ."

ಟವೆಲ್ ಹಿಡಿದ ಕೈಗಳು ನಿಂತವು. ಮೇಡಂ ಜಡೆ ಇನ್ನೂ ಹಸಿಯಾಗಿತ್ತು.