ಶಾಸಕರ ಮೈಸೂರು ಪೇಟ

ಹ್ಯೂಸ್ಟನ್ನಿನ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಒಂದು ವರ್ಷ ರಾಜ್ಯದ ರಾಜಧಾನಿ ಆಸ್ಟಿನ್ನಿನ ಶಾಸನಸಭೆಯ ಹಿರಿಯ ಶಾಸಕರೊಬ್ಬರು ಅತಿಥಿಯಾಗಿ ಬಂದರು. ಡಲ್ಲಾಸಿನಲ್ಲಿ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಅಲ್ಲಿ ಆಡಿದವರು. ಆಟದಲ್ಲಿ ತಲೆಗೆ ಬಿದ್ದ ಏಟುಗಳಿಂದ ಮರೆವು ಶುರುವಾಗಿತ್ತು. ನಮಗೇನು? ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಅವರ ಸವೆದ ಮಂಡಿಗಳನ್ನು ಲೆಕ್ಕಿಸದೆ ಪ್ರತಿ ಕುಟುಂಬದ ಫೋಟೋಗೂ ಎಬ್ಬಿಸಿ ನಿಲ್ಲಿಸಿದೆವು.

ಮುಂದಿನ ರಾಜ್ಯೋತ್ಸವದ ಹೊತ್ತಿಗೆ ಅವರು ಚುನಾವಣೆಯಲ್ಲಿ ಸೋತಿದ್ದರು. ನಾವು ಕರೆಯಲಿಲ್ಲ. ಆದರೂ ಬಂದರು, ಅದೇ ಶಾಲು ಹೊದ್ದು, ಅದೇ ಪೇಟ ತೊಟ್ಟು ಹಿಂದಿನ ಸಾಲಿನಲ್ಲಿ ಕೂತರು. ವೇದಿಕೆಯ ಮೇಲೆ ಅವರನ್ನು ಸೋಲಿಸಿದವನಿದ್ದ.

ಸನ್ಮಾನದ ಹೊತ್ತಿಗೆ ನೋಡಿದರೆ ಯಾರೂ ಪೇಟ ತಂದಿರಲಿಲ್ಲ. ಕಾರ್ಯದರ್ಶಿ ಅಂಕಲ್ ನನ್ನ ಹತ್ತಿರ ಬಂದು, "ಆ ಮುದುಕಂದು ಇಸ್ಕೊಂಡು ಬಾರಮ್ಮ. ನಾಳೆ ಹೊತ್ತಿಗೆ ಅವ್ರಿಗೆ ನೆನಪೂ ಇರಲ್ಲ," ಅಂದರು.

ಮೈ ಉರಿಯಿತು. ಆದರೂ ಹೋದೆ. ನಾನು ಕೈ ಚಾಚಿದ್ದೇ ತಡ, ಅವರು ಮುಖವರಳಿಸಿ, ಮಂಡಿ ಹಿಡಿದುಕೊಂಡು ಎದ್ದು, ನನಗೆ ಎಟುಕಲೆಂದು ತಲೆ ಬಗ್ಗಿಸಿದರು. ಪೇಟ ತೆಗೆದುಕೊಂಡು ಬಂದೆ. ತಿರುಗಿ ನೋಡಿದರೆ ಬರಿದಲೆಯಲ್ಲಿ, ಫೋಟೋಗೆಂದು ನಗುತ್ತಾ, ಇನ್ನೂ ನಿಂತೇ ಇದ್ದರು.